ಅವ್ವನ ಖಣದ ಗಂಟು ಖಾಲಿ ಆಯ್ತು, ನಿಮಗೆಲ್ಲ ಶರಣು

ಬಟ್ಟೆ ಚೂರು ಸೇರಿಸಿ ಹೊಲಿಯುವ ಹೊದಿಕೆ, ನಮ್ಮ ಕೌದಿ, ಅದರಲ್ಲಿ ಕಡೆಯದರ ಕಡೆಯ ಸುತ್ತು ನಿನ್ನೆ ಸಂಜೆ ಮುಗಿಯಿತು. ಅವ್ವ ಬಿಟ್ಟುಹೋದ ಗಂಟುಗಳೆಲ್ಲ ಈಗ ಖಾಲಿ. ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳೋಣ ಅಂದುಕೊಂಡೆ, ಆದರೆ ಎರಡು ಮಾತು ಆಡುವಷ್ಟರಲ್ಲಿ ಅಳು ಬರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮವ್ವ ಗುಳೇದಗುಡ್ಡದಲ್ಲಿ ಜಂಪರ್, ಅಂದರೆ ಕುಪ್ಪಸ, ಹೊಲಿಯುತ್ತಿದ್ದಳು. ಊರೇ ಖಣದ, ಅಂದರೆ ಕುಪ್ಪಸಕ್ಕೆಂದೇ ನೇಯುವ ಬಟ್ಟೆಯ ಊರು, ಹಾಗಾಗಿ ಮನೆಗೆ ಹೊಲಿಯೋಕೆ ಬರುತ್ತಿದ್ದದ್ದೂ ಜಾಸ್ತಿ ಖಣವೇ. ಜಂಪರ್ ಕತ್ತರಿಸಿದಾಗ ಕಂಕುಳ ಕಡೆಯಿಂದ ಅರ್ಧಚಂದ್ರದ ಆಕಾರದ ಚೂರು ಬೀಳುತ್ತದೆ, ಕೊರಳಿಂದ ಒಂದು ದುಂಡಗಿನದು, ಬದಿಯಿಂದ ಉದ್ದ ಪಟ್ಟಿ. ಅವ್ವ ಒಂದನ್ನೂ ಎಸೆದವಳಲ್ಲ. "ಮುಂದ ಕೌದಿಗೆ ಬರ್ತಾವ" ಅಂತ ಅಪ್ಪನ ಹಳೇ ಧೋತರದಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಏರಿಸುತ್ತಿದ್ದಳು. ಕಳೆದ ವರ್ಷ ಅವ್ವ ತೀರಿಕೊಂಡಳು. ಗಂಟುಗಳು ಬಾಗಲಕೋಟೆಗೆ, ನವನಗರದ ನಮ್ಮ ಮನೆಗೆ ಬಂದವು. ಬಿಚ್ಚೋಕೆ ಕೈ ಬರಲೇ ಇಲ್ಲ. ಆ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದೆ.

ಮೊದಲ ಶರಣು ಪಕ್ಕದ ಮನೆ ಕಾಕುಗೆ. ಒಂದು ಮಧ್ಯಾಹ್ನ ಸೀದಾ ಬಂದು, "ಹಂಗ ಇಟ್ರ ಹುಳಾ ಹಿಡೀತಾವ, ತಗಿ" ಅಂತ ಗಂಟು ಎಳೆದು ನಡುಮನೆಗೆ ತಂದವರು ಅವರೇ. ಸಮಾಧಾನದ ಮಾತು ಒಂದೂ ಆಡಲಿಲ್ಲ, ನನಗೂ ಅದು ಬೇಕಿರಲಿಲ್ಲ. ಚೂರುಗಳನ್ನು ಬೇರೆ ಮಾಡೋಕೆ ಕೂತರು. ಯಾವುದು ಹತ್ತಿ, ಯಾವುದು ಅಲ್ಲ ಅಂತ ಅನುಮಾನ ಬಂದಾಗ ಒಂದೆಳೆ ಕಿತ್ತು ಕಡ್ಡಿ ಗೀರಿ ಸುಟ್ಟು ನೋಡುತ್ತಿದ್ದರು. ಹತ್ತಿಯದಾದರೆ ಕಾಗದ ಸುಟ್ಟ ವಾಸನೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಆ ಮಣಿ ಬಂದದ್ದೆಲ್ಲ ಪಕ್ಕಕ್ಕೆ ಇಟ್ಟೆವು, ಕೌದಿಗೆ ಅದು ಬೇಡ. ಬೆವರು ಹೀರುವುದಿಲ್ಲ, ಸೂಜಿಯೂ ಜಾರುತ್ತದೆ. ವೈನಿ (ಅತ್ತಿಗೆ) ಕೆಂಪು ಚೂರುಗಳನ್ನಷ್ಟೇ ಬೇರೆ ಬಕೆಟ್‌ನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ಬಿಡದೆ ತೊಳೆದರು. ಅದೊಂದು ಮಾಡದೇ ಇದ್ದಿದ್ದರೆ ಮೊದಲ ಸಲ ಒಗೆದಾಗಲೇ ಬಣ್ಣ ಪಕ್ಕದ ತುಂಡಿಗೆಲ್ಲ ಹತ್ತುತ್ತಿತ್ತು.

ಇನ್ನು ನನಗೆ ಹೊಲಿಗೆ ಕಲಿಸಿದ ಗೊಂದಲಿಗರ ಅಜ್ಜಿ. ನಮ್ಮ ಕಡೆ ದೇವಿಯ ಹಾಡು ಹಾಡುವ ಗೊಂದಲಿಗರ ಹೆಣ್ಣುಮಕ್ಕಳು ಹಿಂದಿನಿಂದಲೂ ಕೌದಿ ಹೊಲಿಯುತ್ತಾ ಬಂದವರು. ಈ ಅಜ್ಜಿಗೆ ಕಣ್ಣು ಈಗ ಅಷ್ಟು ಕಾಣುವುದಿಲ್ಲ, ಆದರೆ ಕೈಗೆ ಎಲ್ಲಾ ಗೊತ್ತು. ಅರ್ಧಚಂದ್ರದ ಚೂರು ಯಾವುದಕ್ಕೂ ಹೊಂದುವುದಿಲ್ಲ ಅಂತ ನಾನು ಬುಟ್ಟಿಗೆ ಹಾಕಿದ್ದೆ. ಅಜ್ಜಿ ಒಂದನ್ನು ತೊಡೆ ಮೇಲೆ ಇಟ್ಟುಕೊಂಡು ಬಾಗಿದ ಅಂಚನ್ನು ಒಳಗೆ ಮಡಚಿ, ಎರಡೂ ತುದಿ ಕೂಡಿಸಿ, ಉಗುರಿನಿಂದ ಗೀರಿ ಒತ್ತಿದರು. ಒಳ್ಳೆ ತ್ರಿಕೋನ ಆಯ್ತು. ಅಂಥವು ನಾಲ್ಕು ಸೇರಿಸಿದರೆ ಒಂದು ಚೌಕ. ದಾರ ಬಿಗಿದು ಎಳೆಯಬಾರದು, ಎಡಗೈ ಬಟ್ಟೆಯ ಕೆಳಗೇ ಇರಬೇಕು, ಸೂಜಿ ಬಂದದ್ದು ಆ ಬೆರಳಿಗೆ ಗೊತ್ತಾಗಬೇಕು, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು, ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ. ಇಷ್ಟನ್ನೂ ಬಾಯಲ್ಲಿ ಹೇಳಿದ್ದು ಕಡಿಮೆ, ನನ್ನ ಕೈ ಹಿಡಿದು ಮಾಡಿಸಿದ್ದೇ ಜಾಸ್ತಿ. ಅಜ್ಜಿಗೆ ಕೂಲಿ ಕೊಟ್ಟಿದ್ದೇನೆ. ಆದರೆ ಈ ಕಲಿಸಿದ್ದಕ್ಕೆ ಎಷ್ಟು ಕೊಟ್ಟರೂ ಸಾಲದು, ಅವರ ಮೊಮ್ಮಗಳು ಇದನ್ನು ಓದಿ ಹೇಳಲಿ.

ಒಳಗಿನ ಪದರಕ್ಕೆ ಅವ್ವನ ಇಳಕಲ್ ಸೀರೆಗಳನ್ನೇ ಹಾಕಿದೆ. ಉಟ್ಟು ಉಟ್ಟು ಒಡಲು ಮೆತ್ತಗಾಗಿತ್ತು, ಸೆರಗು ಮಾತ್ರ ಗಟ್ಟಿ. ಆ ಕೆಂಪು ಸೆರಗನ್ನು ಕತ್ತರಿಸಿ ಚೂರು ಮಾಡುವುದರಲ್ಲಿದ್ದೆ. ಹಿಂದಿನ ಓಣಿಯ ನೇಕಾರ ಕಾಕಾ ನೋಡಿ ತಡೆದರು. ಒಡಲು ಸೆರಗು ಕೂಡುವ ಗೆರೆ ತೋರಿಸಿ, ಇಲ್ಲಿ ಒಂದೊಂದು ಎಳೆಗೂ ಕೊಂಡಿ ಹಾಕಿ ಕೂಡಿಸಿರುತ್ತಾರೆ ನೋಡು, ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ ಅಂದರು. ಬೆರಳಾಡಿಸಿದರೆ ಆ ಗೆರೆ ಸಣ್ಣಗೆ ತಾಕುತ್ತದೆ. ಅದು ಇಡಿಯಾಗಿ ದೊಡ್ಡ ಕೌದಿಯ ನಡುವೆ ಕೂತಿದೆ. ಕಾಕಾ, ನೀವು ಆ ಹೊತ್ತಿಗೆ ಬಂದದ್ದು ಎಷ್ಟು ಒಳ್ಳೇದಾಯ್ತು.

ಮಗಳಿಗೂ ಹೇಳಬೇಕು. ತುಂಡುಗಳನ್ನು ನೆಲದ ಮೇಲೆ ಜೋಡಿಸಿದಾಗೆಲ್ಲ ಮೆಟ್ಟಿಲು ಹತ್ತಿ ಮೊಬೈಲ್‌ನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ತೋರಿಸುತ್ತಿದ್ದಳು. ಬಣ್ಣ ಹೋದರೆ ಗಾಢ ಎಲ್ಲಿ ಗುಂಪಾಗಿದೆ, ತಿಳಿ ಎಲ್ಲಿ ಜಾಸ್ತಿ ಆಗಿದೆ ಅಂತ ಚೆನ್ನಾಗಿ ಕಾಣುತ್ತದೆ. ಪರೀಕ್ಷೆ ಓದುವ ನಡುವೆಯೂ ಬಂದು ಮಾಡಿಕೊಟ್ಟಳು.

ಗುಳೇದಗುಡ್ಡದಿಂದ ಬಂದ ಅಕ್ಕಂದಿರೇ, ನಿಮ್ಮ ಬಗ್ಗೆ ಏನು ಬರೆಯಲಿ? ಅವ್ವನ ಹತ್ತಿರ ಜಂಪರ್ ಹೊಲಿಸಿಕೊಂಡವರು ನೀವು. ಸುಮ್ನೆ ನೋಡಿ ಹೋಗೋಕೆ ಬಂದವರು ಸಂಜೆಯವರೆಗೂ ಸೂಜಿ ಹಿಡಿದು ಕೂತಿರಿ. ಒಬ್ಬರು ಹಸಿರು ತುಂಡಿನ ಮೇಲೆ ಬೆರಳಿಟ್ಟು, "ಏ, ಇದು ನನ್ನ ಮದುವಿ ಜಂಪರ್‌ದು!" ಅಂದರು. ಆಮೇಲೆ ಎಲ್ಲರೂ ಹುಡುಕೋಕೆ ಶುರು. ಇದು ಸೀಮಂತದ್ದು, ಇದು ಅತ್ತಿಗೆಯದು, ಇದು ಆ ವರ್ಷ ಉಡಿ ತುಂಬಿದ ಖಣ. ನನಗೆ ಅವು ಅವ್ವ ಕತ್ತರಿಸಿ ಬಿಟ್ಟ ಚೂರುಗಳಷ್ಟೇ ಆಗಿದ್ದವು. ಅವ್ವ ಯಾರ ಅಳತೆ ತಪ್ಪಿಸಲಿಲ್ಲ, ದುಡ್ಡಿಲ್ಲದವರಿಗೆ ಹಬ್ಬದ ಮುಂದೆ ಹೊಲಿದುಕೊಟ್ಟು ಕೇಳದೇ ಇದ್ದಳು ಅನ್ನೋದು ಅವತ್ತೇ ನನಗೆ ಗೊತ್ತಾಗಿದ್ದು. ಅವ್ವ ಹೋದಮೇಲೆ ನಾನು ಅವಳ ಬಗ್ಗೆ ನಕ್ಕು ಮಾತಾಡಿದ್ದೂ ಅವತ್ತೇ ಮೊದಲು.

ದೊಡ್ಡ ಕೌದಿ ಬೆಳಗಾವಿಯ ತಮ್ಮನ ಮನೆಗೆ ಹೋಗುತ್ತದೆ, ಅಲ್ಲಿ ಚಳಿ ಜಾಸ್ತಿ. ಒಂದು ಕಾಕುಗೆ, ಒಂದು ನಮ್ಮ ಮಂಚಕ್ಕೆ. ಸ್ವಲ್ಪ ದೊಡ್ಡ ಖಣದ ತುಂಡುಗಳಲ್ಲಿ ತಂಗಿಯ ಕೂಸಿಗೆ ತಲೆಗೆ ಹಾಕುವ ಕುಂಚಿಗೆ ಆಯ್ತು. ಅಂಚಿನ ಪಟ್ಟಿಗಳು ಕೌದಿಯ ಸುತ್ತ ಗೋಟಿಗೆ ಸರಿಹೋದವು. ಉಳಿದ ಸಣ್ಣ ಚಿಂದಿಯನ್ನು ಅಜ್ಜಿ ಸುತ್ತಿ ಸುತ್ತಿ ತಲೆ ಮೇಲೆ ಕೊಡ ಹೊರುವ ಸಿಂಬಿ ಮಾಡಿಕೊಂಡು ಹೋದರು. ಪಾಲಿಯೆಸ್ಟರ್ ಎಲ್ಲಾ ದಿಂಬಿನೊಳಗೆ.

ಮಾನೌಮಿಗೆ (ಮಹಾನವಮಿಗೆ) ಹಾಸಿಗೆ ಒಗೆಯುವಾಗ ಎಲ್ಲರೂ ಬರಬೇಕು, ನೀರು ಕುಡಿದ ಕೌದಿ ಹಿಂಡೋಕೆ ಇಬ್ಬರು ಸಾಲುವುದಿಲ್ಲ. ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ. ಕಾಕು ಈಗ ತಮ್ಮ ಟ್ರಂಕ್ ತೆಗೆದಿದ್ದಾರೆ, ಅದರಲ್ಲಿ ಅವರ ಅತ್ತೆಯ ಕಾಲದ ಸೀರೆಗಳಿವೆ. ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಅವರ ಕಟ್ಟೆಗೆ ಬನ್ನಿ. ಸೂಜಿ ನಿಮ್ಮದು ತನ್ನಿ, ದಾರ ಮತ್ತು ಚಹಾ ನನ್ನದು.