ವಕಾಲತ್ತು ಯಾರದೆಂದು ಮೊದಲು ಹೇಳು

ಶಿವಮೊಗ್ಗ

ಚಿ. ವಿಭಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಉಭಯ ಕುಶಲೋಪರಿ. ನಿನ್ನ ಪತ್ರ ತಲುಪಿತು. ಆಸ್ಪತ್ರೆಗಳ ವಿಷಯದಲ್ಲಿ ನಡೆಯುವ ಚರ್ಚೆಗೆ ಸುದ್ದಿವಾಹಿನಿಯವರು ಕರೆದಿದ್ದಾರೆಂದೂ, ಪತ್ರಿಕೆಯೊಂದು ಅಂಕಣ ಬರೆಯಲು ಕೇಳಿದೆಯೆಂದೂ ಬರೆದಿದ್ದೀಯ. ನಿನ್ನ ಸೀನಿಯರ್ ವಕೀಲರು ಮಾತ್ರ, ಹತ್ತು ವರ್ಷ ಬಾಯಿ ಮುಚ್ಚಿಕೊಂಡು ಪ್ರಾಕ್ಟೀಸ್ ಮಾಡು, ಉಳಿದದ್ದೆಲ್ಲ ಆಮೇಲೆ ಎಂದಿದ್ದಾರೆ. ಅವರು ನಿನ್ನ ಹಿತವನ್ನೇ ನೋಡಿ ಹೇಳಿದ್ದಾರೆ. ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ.

ನಮ್ಮ ನಾಡಿನಲ್ಲಿ ವಕೀಲರು ಕೋರ್ಟಿನ ಹೊರಗೂ ಮಾತನಾಡಿದ್ದರಿಂದಲೇ ಆದ ಕೆಲಸಗಳಿವೆ. ಮಂಗಳೂರಿನ ಕುದ್ಮುಲ್ ರಂಗರಾವ್ ವಕೀಲರಾಗಿದ್ದರು. ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದಕ್ಕೆ ಸ್ವಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಅವರು ಹಿಂದೆ ಸರಿಯಲಿಲ್ಲ. ಎಲ್.ಜಿ. ಹಾವನೂರರೂ ವಕೀಲರೇ. 1972ರಲ್ಲಿ ನೇಮಕವಾದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ ಅವರು 1975ರಲ್ಲಿ ಕೊಟ್ಟ ವರದಿ ಈ ರಾಜ್ಯದ ರಾಜಕೀಯದ ದಿಕ್ಕನ್ನೇ ಬದಲಿಸಿತು. ಕಾನೂನು ಓದಿದವರು ಬಾಯಿ ಮುಚ್ಚಿಕೊಂಡರೆ ಆ ಜಾಗದಲ್ಲಿ ಓದದವರು ಕೂಗುತ್ತಾರೆ. ಆದ್ದರಿಂದ ನೀನು ಮಾತನಾಡು ಎಂದೇ ಹೇಳುತ್ತೇನೆ. ಆದರೆ ಒಂದು ಷರತ್ತಿದೆ, ಅದನ್ನು ಹೇಳಲೆಂದೇ ಇಷ್ಟು ಉದ್ದದ ಪತ್ರ.

ನ್ಯಾಯಾಲಯದಲ್ಲಿ ನಾವು ಬಾಯಿ ತೆರೆಯುವ ಮೊದಲು ವಕಾಲತ್ತು ಹಾಕುತ್ತೇವೆ. ಯಾರ ಪರವಾಗಿ ನಿಂತಿದ್ದೇವೆ ಎಂಬುದು ನ್ಯಾಯಾಧೀಶರಿಗೂ ಎದುರು ಪಕ್ಷಕ್ಕೂ ಗೊತ್ತಿರುತ್ತದೆ. ನಮ್ಮ ವಾದದಲ್ಲಿ ಎಷ್ಟು ಪಾಲು ಕಕ್ಷಿದಾರನದು ಎಂಬುದನ್ನು ಅವರು ಅದಕ್ಕೆ ತಕ್ಕಂತೆ ತೂಗಿ ನೋಡುತ್ತಾರೆ. ಟಿ.ವಿ. ಸ್ಟುಡಿಯೋದಲ್ಲಿ ಅಂಥ ಕಾಗದ ಇರುವುದಿಲ್ಲ. ಅಲ್ಲಿ ಕರಿಕೋಟು ಮತ್ತು ಬಿಳಿ ಬ್ಯಾಂಡು ಮಾತ್ರ ಕಾಣುತ್ತದೆ, ಕೆಳಗೆ ‘ಹಿರಿಯ ವಕೀಲರು’ ಎಂಬ ಪಟ್ಟಿ ಓಡುತ್ತದೆ. ಆ ವಕೀಲರು ಒಂದು ಪಕ್ಷದ ಕಾನೂನು ಘಟಕದ ಪದಾಧಿಕಾರಿಯೋ, ಚರ್ಚೆಯಲ್ಲಿರುವ ಆಸ್ಪತ್ರೆಯ ಪ್ಯಾನೆಲ್ ವಕೀಲರೋ, ವಿಮಾ ಕಂಪನಿಯಿಂದ ಪ್ರತಿ ತಿಂಗಳು ಫೀಸು ಪಡೆಯುವವರೋ ನೋಡುವವರಿಗೆ ತಿಳಿಯುವುದಿಲ್ಲ. ಮನೆಯಲ್ಲಿ ಕೂತು ನೋಡುವವರು ಅವರ ಮಾತನ್ನೇ ಕಾನೂನೆಂದು ನಂಬುತ್ತಾರೆ. ಇದು ನನಗೆ ಸಹಿಸಲಾಗದ ಸಂಗತಿ. ನೀನು ಎಲ್ಲಿ ಮಾತನಾಡಿದರೂ, ಏನೇ ಬರೆದರೂ, ಆ ವಿಷಯದಲ್ಲಿ ನಿನಗಾಗಲಿ ನಿನ್ನ ಸೀನಿಯರ್ ಕಚೇರಿಗಾಗಲಿ ಸಂಬಂಧವಿದ್ದರೆ ಮೊದಲ ವಾಕ್ಯದಲ್ಲೇ ಹೇಳಿಬಿಡು. ಹೇಳಿಕೊಳ್ಳಲಾಗದ ಸಂಬಂಧವಿದ್ದರೆ ಆ ಚರ್ಚೆಗೆ ಹೋಗಬೇಡ. ವಾಹಿನಿಯವರು ಬೇಸರಪಟ್ಟರೆ ಪಟ್ಟುಕೊಳ್ಳಲಿ.

ನೀನೇ ನಡೆಸುತ್ತಿರುವ ಪ್ರಕರಣದ ಬಗ್ಗೆ ಹೊರಗೆ ಮಾತೇ ಬೇಡ. ವಕೀಲರ ನಡತೆಗೆ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮವನ್ನು ಜಾಹೀರಾತಿನ ನಿಷೇಧವೆಂದಷ್ಟೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಪೂರ್ತಿ ಓದಿ ನೋಡು. ತಾನು ನಡೆಸುವ ಪ್ರಕರಣಗಳ ಸಂಬಂಧವಾಗಿ ಪತ್ರಿಕೆಗೆ ಹೇಳಿಕೆ ಕೊಡುವುದು, ಕೊಡಿಸುವುದು, ಫೋಟೋ ಹಾಕಿಸಿಕೊಳ್ಳುವುದು ಎಲ್ಲವೂ ಅದರಲ್ಲಿ ಬರುತ್ತದೆ. ಇಂದು ಕೋರ್ಟಿನ ಮೆಟ್ಟಿಲ ಮೇಲೆ ಮೈಕ್ ಮುಂದೆ ನಿಲ್ಲುವವರನ್ನು ನೋಡಿದರೆ ಈ ನಿಯಮ ಇದೆಯೆಂದೇ ಅನ್ನಿಸುವುದಿಲ್ಲ. ಕಕ್ಷಿದಾರ ನಿನ್ನನ್ನು ನಂಬಿ ಹೇಳಿದ್ದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನ ಪ್ರಕಾರ ನಿನ್ನೊಳಗೇ ಇರಬೇಕಾದದ್ದು. ಹೆಸರು ಹೇಳದೆ, ಊರು ಬದಲಿಸಿ ಉದಾಹರಣೆ ಕೊಡುತ್ತೇನೆ ಎಂದುಕೊಳ್ಳಬೇಡ. ಜಿಲ್ಲಾ ಕೇಂದ್ರದಂಥ ಊರಿನಲ್ಲಿ ಎರಡು ಸುಳಿವು ಸಿಕ್ಕರೆ ಸಾಕು, ಮೂರನೆಯದನ್ನು ಜನರೇ ಜೋಡಿಸಿಕೊಳ್ಳುತ್ತಾರೆ.

ಇನ್ನು ಆಸ್ಪತ್ರೆಗಳ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸಿ ಓದು.

ರೋಗಿಯೊಬ್ಬರು ತೀರಿಕೊಂಡು ಸಂಬಂಧಿಕರು ಆಸ್ಪತ್ರೆಯ ಮುಂದೆ ಕೂತಾಗ ನಿರೂಪಕರು ಮೊದಲು ಕೇಳುವ ಪ್ರಶ್ನೆ, ವೈದ್ಯರನ್ನು ಯಾಕೆ ಬಂಧಿಸಿಲ್ಲ ಎಂಬುದು. ಅಲ್ಲಿ ಕುಳಿತ ವಕೀಲರು ಹೌದು, ಕೂಡಲೇ ಬಂಧಿಸಬೇಕು ಎಂದರೆ ಚಪ್ಪಾಳೆ ಸಿಗುತ್ತದೆ. ಆದರೆ ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಬೇರೆಯದನ್ನೇ ಹೇಳಿದೆ. ತನಿಖಾಧಿಕಾರಿ ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು, ಆರೋಪ ಬಂತೆಂಬ ಮಾತ್ರಕ್ಕೆ ವಾಡಿಕೆಯಂತೆ ಬಂಧಿಸಬಾರದು. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ನಿರ್ಲಕ್ಷ್ಯದಿಂದಾದ ಸಾವಿಗೆ ಸಾಮಾನ್ಯವಾಗಿ ಐದು ವರ್ಷದವರೆಗೆ, ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಈ ವ್ಯತ್ಯಾಸ ಸರಿಯೇ ತಪ್ಪೇ ಎಂದು ನೀನು ವಾದಿಸಬಹುದು, ಅದು ನಿನ್ನ ಹಕ್ಕು. ಆದರೆ ಕಾನೂನು ಇಂದು ಏನು ಹೇಳುತ್ತದೆ ಎಂಬುದನ್ನು ಮೊದಲು ಹೇಳಿ, ನಿನ್ನ ಅಭಿಪ್ರಾಯವನ್ನು ಆಮೇಲೆ ಬೇರೆಯಾಗಿ ಇಡು. ಎರಡನ್ನೂ ಕಲಸಿದರೆ ಕೇಳುಗನಿಗೆ ಮೋಸವಾಗುತ್ತದೆ.

ಹಾಗೆಂದು ವೈದ್ಯರ ಪರ ವಾಲು ಎನ್ನುತ್ತಿಲ್ಲ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರನನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ವಾಪಸು ಕಳುಹಿಸಿದವು. ಕೊನೆಗೆ ಆತ ಖಾಸಗಿ ಆಸ್ಪತ್ರೆಯಲ್ಲಿ ಸಾಲ ಸೋಲ ಮಾಡುವಂತಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್, ತುರ್ತು ಚಿಕಿತ್ಸೆ ನಿರಾಕರಿಸುವುದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ, ಹಣವಿಲ್ಲವೆಂದು ಸರ್ಕಾರ ಈ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಹೇಳಿ 25,000 ರೂಪಾಯಿ ಪರಿಹಾರ ಕೊಡಿಸಿತು. ನಮ್ಮಲ್ಲೇ 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ತೀರಿಕೊಂಡಾಗ ಸತ್ಯ ಹೊರಬರಲು ಹೈಕೋರ್ಟಿನ ಮಧ್ಯಪ್ರವೇಶವೇ ಬೇಕಾಯಿತು. ಅದೇ ವಾರ ರಾಜ್ಯಕ್ಕೆ ದಿನಕ್ಕೆ 1,200 ಟನ್ ಆಮ್ಲಜನಕ ಕೊಡಬೇಕೆಂದು ಹೈಕೋರ್ಟ್ ಆದೇಶಿಸಿತು. ಕೇಂದ್ರ ಸರ್ಕಾರ ಮೇಲೆ ಹೋದರೂ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ಕೈ ಹಾಕಲಿಲ್ಲ. ವಕೀಲರು ಅಂಕಿಅಂಶ ಹಿಡಿದು ವಾದಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

2017ರ ನವೆಂಬರಿನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿ ವಿರೋಧಿಸಿ ರಾಜ್ಯದ ವೈದ್ಯರು ಮುಷ್ಕರ ಹೂಡಿದಾಗ ನೀನು ಕಾಲೇಜಿನಲ್ಲಿದ್ದೆ. ಆಗ ಚರ್ಚೆಯೆಲ್ಲ ವೈದ್ಯರಿಗೆ ಜೈಲೋ ಅಲ್ಲವೋ ಎಂಬಲ್ಲೇ ಸುತ್ತಿತು. ಬಾಕಿ ಹಣಕ್ಕಾಗಿ ಶವವನ್ನು ತಡೆದಿಟ್ಟುಕೊಳ್ಳಬಾರದು, ರೋಗಿಗಳ ಹಕ್ಕುಗಳ ಸನ್ನದು ಇರಬೇಕು, ಜಿಲ್ಲೆಯಲ್ಲೇ ದೂರು ಕೊಡಲು ವ್ಯವಸ್ಥೆ ಇರಬೇಕು ಎಂಬ ಅಂಶಗಳನ್ನು ಬಿಡಿಸಿ ಹೇಳಿದವರು ಕಡಿಮೆ. ಆಸ್ಪತ್ರೆಯ ಬಿಲ್ ಕೌಂಟರಿನ ಮುಂದೆ ತಾಳಿಸರ ಬಿಚ್ಚಿ ಕೊಡುವ ಹೆಂಗಸಿಗೆ ಬೇಕಾಗಿದ್ದು ಈ ತಿಳಿವಳಿಕೆಯೇ. ನೀನು ಚರ್ಚೆಗೆ ಹೋಗುವುದಾದರೆ ಆಕೆಗಾಗಿ ಹೋಗು.

ಇನ್ನೊಂದನ್ನು ನಿರ್ದಾಕ್ಷಿಣ್ಯವಾಗಿ ಹೇಳಬೇಕು. ವೈದ್ಯರ ಸೇವೆಯನ್ನು 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ಗ್ರಾಹಕ ಕಾನೂನಿನ ವ್ಯಾಪ್ತಿಗೆ ತರಲಾಯಿತು. ನಮ್ಮ ಸೇವೆ ಆ ಕಾನೂನಿಗೆ ಒಳಪಡುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ವಕೀಲನ ಕೆಲಸ ವ್ಯಾಪಾರವಲ್ಲ, ಕಕ್ಷಿದಾರನ ಸೂಚನೆಯಂತೆ ನಡೆಯುವ ವಿಶಿಷ್ಟ ವೃತ್ತಿ ಎಂಬುದು ಅದರ ತರ್ಕ. ತರ್ಕದಲ್ಲಿ ಹುರುಳಿರಬಹುದು. ಆದರೆ ವಾಯಿದೆಯ ಮೇಲೆ ವಾಯಿದೆ ಪಡೆದು ಅರ್ಜಿದಾರನ ಆಯುಷ್ಯವನ್ನೇ ಕಳೆಯುವವರು ನಮ್ಮಲ್ಲಿ ಇದ್ದಾರೆ. ವೈದ್ಯರ ಹೊಣೆಗಾರಿಕೆಯ ಬಗ್ಗೆ ಮಾತನಾಡಿದ ದಿನ ನಮ್ಮ ಹೊಣೆಗಾರಿಕೆಯ ಬಗ್ಗೆಯೂ ಒಂದು ಮಾತು ಸೇರಿಸು. ಕೇಳಿದವರು ಉಳಿದ ಮಾತನ್ನು ಆಗ ನಂಬುತ್ತಾರೆ.

ರಾಜಕೀಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಿನಗೆ ಒಂದು ಪಕ್ಷ ಇಷ್ಟವಿದ್ದರೆ ಇರಲಿ, ಮತ ಹಾಕು, ಬೇಕಾದರೆ ಸದಸ್ಯಳಾಗು, ಆದರೆ ಅದನ್ನು ಮುಚ್ಚಿಟ್ಟುಕೊಂಡು ಸಂವಿಧಾನ ತಜ್ಞೆಯಾಗಿ ಕೂರಬೇಡ. ತೀರ್ಪುಗಳನ್ನು ಟೀಕಿಸಲು ಹೆದರಬೇಡ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಕಲಂ, ಇತ್ಯರ್ಥವಾದ ಪ್ರಕರಣದ ಗುಣದೋಷಗಳ ಮೇಲಿನ ನ್ಯಾಯಯುತ ಟೀಕೆ ನಿಂದನೆಯಲ್ಲ ಎಂದೇ ಹೇಳುತ್ತದೆ. 2020ರಲ್ಲಿ ಪ್ರಶಾಂತ್ ಭೂಷಣ್ ಅವರಿಗೆ ಎರಡು ಟ್ವೀಟ್‌ಗಳಿಗಾಗಿ ಒಂದು ರೂಪಾಯಿ ದಂಡ ಬಿದ್ದದ್ದು ನಿನಗೆ ಗೊತ್ತೇ ಇದೆ. ಆ ಶಿಕ್ಷೆ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಆದರೂ ನೀನು ತೀರ್ಪಿನ ತರ್ಕಕ್ಕೆ ಉತ್ತರ ಕೊಡು, ಬರೆದವರ ಉದ್ದೇಶವನ್ನು ಊಹಿಸಲು ಹೋಗಬೇಡ.

ಸಮಾಜ ಕೆರಳಿದ ಹೊತ್ತಿನಲ್ಲಿ ನಮ್ಮ ವಕೀಲರ ಸಂಘಗಳೇ ಹೇಗೆ ಎಡವುತ್ತವೆ ಎಂಬುದನ್ನು ಮಾತ್ರ ಮರೆಯಬೇಡ. 2020ರ ಆರಂಭದಲ್ಲಿ ಮೈಸೂರಿನಲ್ಲೂ ಹುಬ್ಬಳ್ಳಿಯಲ್ಲೂ ವಕೀಲರ ಸಂಘಗಳು ಕೆಲವು ಆರೋಪಿಗಳ ಪರ ಯಾರೂ ವಕಾಲತ್ತು ಹಾಕಬಾರದೆಂದು ನಿರ್ಣಯ ಮಾಡಿದವು. ಇಂಥ ನಿರ್ಣಯಗಳಿಗೆ ಬೆಲೆಯೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಹುಬ್ಬಳ್ಳಿಯ ನಿರ್ಣಯವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದವರು ವಕೀಲರೇ. ಮೈಸೂರಿಗೂ ಹೊರಗಿನಿಂದ ವಕೀಲರು ಬಂದು ವಕಾಲತ್ತು ಹಾಕಿದರು. ಊರೇ ಬೇಡವೆಂದ ಮನುಷ್ಯನ ಪರ ನಿಲ್ಲುವ ಧೈರ್ಯ ನಿನಗೆ ಬರಲಿ ಎಂದು ನಿನ್ನ ಎನ್‌ರೋಲ್‌ಮೆಂಟ್ ದಿನವೇ ಹಾರೈಸಿದ್ದೆ, ಈಗಲೂ ಅದೇ ಹಾರೈಕೆ.

ಮೊದಲ ಅಂಕಣಕ್ಕೆ ವಿಷಯ ಕೇಳಿದ್ದೀಯ. ಘನತೆಯ ಸಾವಿನ ಬಗ್ಗೆ ಬರೆ. ಅರುಣಾ ಶಾನಭಾಗ ನಮ್ಮ ಹೊನ್ನಾವರ ತಾಲ್ಲೂಕಿನ ಹಳದೀಪುರದ ಹೆಣ್ಣುಮಗಳು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ 1973ರಲ್ಲಿ ಆದ ಹಲ್ಲೆಯ ಬಳಿಕ 2015ರವರೆಗೆ ಅಲ್ಲೇ ಹಾಸಿಗೆಯಲ್ಲಿದ್ದಳು. 2011ರಲ್ಲಿ ಸುಪ್ರೀಂ ಕೋರ್ಟ್ ಆಕೆಯ ಜೀವ ಹೋಗಲು ಬಿಡಬೇಕೆಂಬ ಅರ್ಜಿಯನ್ನು ಒಪ್ಪಲಿಲ್ಲ, ಆಕೆಯನ್ನು ಅಷ್ಟು ವರ್ಷ ನೋಡಿಕೊಂಡ ನರ್ಸ್‌ಗಳ ಮಾತಿಗೆ ಬೆಲೆ ಕೊಟ್ಟಿತು. ಆದರೆ ಅದೇ ತೀರ್ಪು ಮುಂದಿನ ದಾರಿಯನ್ನೂ ತೆರೆಯಿತು. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಮುಂಗಡ ವೈದ್ಯಕೀಯ ಉಯಿಲನ್ನು, ಅಂದರೆ ಗುಣವಾಗುವ ಆಸೆಯಿಲ್ಲದ ಸ್ಥಿತಿ ಬಂದರೆ ಜೀವ ಹಿಡಿದಿಡುವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರವನ್ನು, ಮಾನ್ಯ ಮಾಡಿತು. 2023ರಲ್ಲಿ ಕ್ರಮ ಸರಳವಾಗಿ, ಮ್ಯಾಜಿಸ್ಟ್ರೇಟರ ಬದಲು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಹಾಕಿದರೆ ಸಾಕೆಂದಾಯಿತು. ಚಿಕಿತ್ಸೆ ನಿಲ್ಲಿಸಲು ಆಸ್ಪತ್ರೆಯ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು, ಸಾಧ್ಯವಾದಷ್ಟೂ 48 ಗಂಟೆಗಳೊಳಗೆ ತೀರ್ಮಾನಿಸಬೇಕು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಐಸಿಯು ಬಾಗಿಲಲ್ಲಿ ನಿಂತ ಕುಟುಂಬಗಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಕಲಂ ಸಂಖ್ಯೆಗಳನ್ನು ಕಡಿಮೆ ಮಾಡಿ, ಯಾವ ಕಾಗದ, ಯಾರ ಸಹಿ, ಪ್ರತಿ ಎಲ್ಲಿಡಬೇಕು, ಮನಸ್ಸು ಬದಲಾದರೆ ಏನು ಎಂಬುದನ್ನು ಬರೆ. ಇದನ್ನು ದಯಾಮರಣದ ಚುಚ್ಚುಮದ್ದೆಂದು ತಪ್ಪು ತಿಳಿದವರಿದ್ದಾರೆ, ಅಂಥ ಚುಚ್ಚುಮದ್ದು ನಮ್ಮಲ್ಲಿ ಈಗಲೂ ಅಪರಾಧವೇ ಎಂದೂ ಸ್ಪಷ್ಟವಾಗಿ ಹೇಳು. ಒಪ್ಪದ ಧರ್ಮಶ್ರದ್ಧೆಯವರಿಗೂ ಅಂಕಣದಲ್ಲಿ ಗೌರವದ ಜಾಗವಿರಲಿ.

ಕರಡನ್ನು ಅಚ್ಚಿಗೆ ಕೊಡುವ ಮೊದಲು ನನಗೂ, ಪರಿಚಯದ ಒಬ್ಬ ವೈದ್ಯರಿಗೂ ಕಳುಹಿಸು. ದಸರಾ ರಜೆಗೆ ಬರುವಾಗ ಆ ಉಯಿಲಿನ ಎರಡು ನಮೂನೆಗಳನ್ನು ಮುದ್ರಿಸಿಕೊಂಡು ಬಾ. ನನ್ನದನ್ನೂ ನಿನ್ನ ದೊಡ್ಡಮ್ಮನದನ್ನೂ ಬರೆಸಬೇಕು. ಅವಳೂ ಒಪ್ಪಿದ್ದಾಳೆ. ಸಾಕ್ಷಿಗೆ ಹೊರಗಿನವರಿಬ್ಬರನ್ನು ನಾನೇ ಗೊತ್ತು ಮಾಡಿರುತ್ತೇನೆ, ನೋಟರಿಯನ್ನೂ ಕಂಡು ಬಂದಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ