ರನ್‌ವೇ ಉದ್ದ ಮಾಡುವ ಮೊದಲು ಒಂದು ಸಂಖ್ಯೆ ಹೇಳಿ: ಗ್ರೀಸ್ ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಗ್ರೀಸ್ ದೇಶದ ಮೂಲಸೌಕರ್ಯ ಮತ್ತು ಸಾರಿಗೆ ಸಚಿವರಿಗೆ,

ನಮಸ್ಕಾರ. ನಾನು ನಿಮ್ಮ ಮತದಾರ ಅಲ್ಲ, ಬೆಂಗಳೂರಿನವನು. ಕನ್ನಡದಲ್ಲಿ ಬರೆದ ಈ ಪತ್ರ ಅಥೆನ್ಸ್‌ನಲ್ಲಿರುವ ನಿಮ್ಮ ಮೇಜಿನ ಮೇಲೆ ಬಂದು ಕೂರುತ್ತದೆ ಅನ್ನುವ ಭ್ರಮೆಯೂ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಪಾರೋಸ್ ದ್ವೀಪದ ವಿಮಾನ ನಿಲ್ದಾಣವನ್ನು ನೀವು ದೊಡ್ಡದು ಮಾಡಲು ಹೊರಟಿರುವುದೇ ನನ್ನಂಥ ಪ್ರವಾಸಿಗರಿಗಾಗಿ. ನಮ್ಮ ಹೆಸರಿನಲ್ಲಿ ನಡೆಯುವ ಕೆಲಸದ ಬಗ್ಗೆ ನಾವೂ ಎರಡು ಮಾತು ಆಡಬಹುದು ಅಲ್ವಾ? ಅದೂ ಅಲ್ಲದೆ ಕನ್ನಡಿಗರು ಈಗ ಆ ಕಡೆ ಹೋಗೋದು ಜಾಸ್ತಿಯಾಗಿದೆ. ಸ್ಯಾಂಟೊರಿನಿಯ ನೀಲಿ ಗುಮ್ಮಟದ ಮುಂದೆ ನಿಂತ ಹನಿಮೂನ್ ಫೋಟೊ ನಮ್ಮ ನೆಂಟರಿಷ್ಟರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಸ್ಯಾಂಟೊರಿನಿ ತುಂಬಿತು ಅಂದವರು ಪಕ್ಕದ ಪಾರೋಸ್‌ಗೆ ಹೋಗುತ್ತಾರೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ವಿಮಾನ ನಿಲ್ದಾಣವೇ ಬೇಡ ಅನ್ನುವವನು ನಾನಲ್ಲ. ಪಾರೋಸ್‌ನ ಜನಸಂಖ್ಯೆ ಸುಮಾರು 14,500. ಅಲ್ಲಿ ಇರುವುದು ಆರೋಗ್ಯ ಕೇಂದ್ರ, ದೊಡ್ಡ ಆಸ್ಪತ್ರೆ ಅಲ್ಲ. ಸ್ಥಿತಿ ಗಂಭೀರವಾದರೆ ರೋಗಿಯನ್ನು ಹತ್ತಿರದ ಸೀರೋಸ್ ದ್ವೀಪಕ್ಕೋ ಅಥೆನ್ಸ್‌ಗೋ ಸಾಗಿಸಬೇಕು. ಚಳಿಗಾಲದಲ್ಲಿ ಗಾಳಿ ಎದ್ದರೆ ಹಡಗುಗಳು ಬಂದರಿನಿಂದ ಹೊರಡುವ ಹಾಗಿಲ್ಲ. ಬೇಸಿಗೆಯಲ್ಲೂ ಅಷ್ಟೇ, ಮೆಲ್ಟೆಮಿ ಅನ್ನುವ ಬಡಗಣ ಗಾಳಿ ದಿನಗಟ್ಟಲೆ ಬೀಸಿ ಎಲ್ಲರ ಲೆಕ್ಕ ತಪ್ಪಿಸುತ್ತದೆ.

ಸಮುದ್ರವನ್ನೇ ನಂಬಿಕೊಂಡರೆ ಏನಾಗಬಹುದು ಅಂತ ಪಾರೋಸ್‌ನವರಿಗೆ ಹೊರಗಿನವರು ಹೇಳಬೇಕಾಗಿಲ್ಲ. 2000ದ ಸೆಪ್ಟೆಂಬರ್ 26ರ ರಾತ್ರಿ ಎಕ್ಸ್‌ಪ್ರೆಸ್ ಸಮಿನಾ ಹಡಗು ಪಾರೋಸ್‌ನ ಮುಖ್ಯ ಊರಾದ ಪಾರಿಕಿಯಾದ ಬಂದರಿನ ಹತ್ತಿರವೇ ಬಂಡೆಗೆ ಬಡಿದು ಮುಳುಗಿತು. 80ಕ್ಕೂ ಹೆಚ್ಚು ಜನ ಸತ್ತರು. ಊರಿನ ಮೀನುಗಾರರು ಆ ಗಾಳಿಯಲ್ಲೇ ತಮ್ಮ ಸಣ್ಣ ದೋಣಿಗಳನ್ನು ತೆಗೆದುಕೊಂಡು ಹೋಗಿ ನೂರಾರು ಜನರನ್ನು ಎಳೆದು ತಂದರು. ರಕ್ಷಣೆ ಕೆಲಸ ನೋಡಿಕೊಳ್ಳುತ್ತಿದ್ದ ಬಂದರು ಅಧಿಕಾರಿ ಅದೇ ರಾತ್ರಿ ಹೃದಯಾಘಾತದಿಂದ ತೀರಿಕೊಂಡರು. ಇಂಥದ್ದನ್ನೆಲ್ಲ ಕಂಡ ಊರಿಗೆ ವಿಮಾನ ಯಾಕೆ ಅಂತ ಕೇಳುವುದು ಸೊಕ್ಕಿನ ಮಾತಾಗುತ್ತದೆ.

ಹಾಗಾಗಿ ನನ್ನ ತಕರಾರು ನಿಲ್ದಾಣದ ಮೇಲಲ್ಲ, ಅಳತೆಯ ಮೇಲೆ.

ಪಾರೋಸ್‌ನ ಹಳೇ ರನ್‌ವೇ ಬರೀ 710 ಮೀಟರ್ ಇತ್ತು. ಪುಟ್ಟ ವಿಮಾನಗಳು ಮಾತ್ರ ಇಳಿಯುತ್ತಿದ್ದವು. 2016ರ ಜುಲೈನಲ್ಲಿ 1,400 ಮೀಟರ್ ರನ್‌ವೇಯ ಹೊಸ ನಿಲ್ದಾಣ ಶುರುವಾಯಿತು. ಈಗ ಎಟಿಆರ್‌ನಂಥ 70ರ ಆಸುಪಾಸಿನ ಸೀಟುಗಳ, ರೆಕ್ಕೆಗೆ ಫ್ಯಾನ್ ಇರುವ ವಿಮಾನಗಳು ಅಥೆನ್ಸ್‌ನಿಂದ ಮುಕ್ಕಾಲು ಗಂಟೆಯೊಳಗೆ ಬಂದಿಳಿಯುತ್ತವೆ. ಸಾಮಾನ್ಯ ಹಡಗಿಗೆ ಸುಮಾರು ನಾಲ್ಕು ಗಂಟೆ ಬೇಕು. ಊರಿನವರ ಅಗತ್ಯಕ್ಕೆ ಇದು ದೊಡ್ಡ ಅನುಕೂಲ. ಮುಂದಿನ ಯೋಜನೆಯ ಲೆಕ್ಕ ಬೇರೆ. ದೊಡ್ಡ ಟರ್ಮಿನಲ್ ಜೊತೆಗೆ 1,799 ಮೀಟರಿನ ರನ್‌ವೇ.

1,799. ಈ ಸಂಖ್ಯೆ ನೋಡಿದಾಗ ನನಗೆ ಬೆಲೆ ಚೀಟಿಯ ಮೇಲಿನ 999 ರೂಪಾಯಿ ನೆನಪಾಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ವರ್ಗೀಕರಣದಲ್ಲಿ ಮೂರನೇ ವರ್ಗ 1,200 ಮೀಟರಿನಿಂದ ಶುರುವಾಗಿ 1,800ರ ಒಳಗೆ ಮುಗಿಯುತ್ತದೆ. 1,800 ಮುಟ್ಟಿದರೆ ನಾಲ್ಕನೇ ವರ್ಗ, ನಿಯಮಗಳೂ ಇನ್ನಷ್ಟು ಬಿಗಿ. ಒಂದೇ ಒಂದು ಮೀಟರ್ ಯಾಕೆ ಬಿಟ್ಟಿರಿ ಅಂತ ನಿಮ್ಮ ಎಂಜಿನಿಯರುಗಳೇ ಹೇಳಬೇಕು. ಕಾರಣ ಏನೇ ಇರಲಿ, ಕಾಗದದ ಮೇಲೆ ಇದು ಮಧ್ಯಮ ಗಾತ್ರದ ನಿಲ್ದಾಣವಾಗೇ ಉಳಿಯುತ್ತದೆ. ಡಾಂಬರಿನ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ನಿಮ್ಮದೇ ಸ್ಕಿಯಾಥೋಸ್ ದ್ವೀಪ ಇದೆಯಲ್ಲ.

ಸ್ಕಿಯಾಥೋಸ್‌ನ ರನ್‌ವೇ ಸುಮಾರು 1,600 ಮೀಟರ್. ಅಷ್ಟರಲ್ಲೇ ಏರ್‌ಬಸ್ 320, ಬೋಯಿಂಗ್ 737 ಇಳಿಯುತ್ತವೆ. ರನ್‌ವೇಯ ತುದಿಗೆ ತಾಗಿಕೊಂಡೇ ರಸ್ತೆ. ವಿಮಾನ ತಲೆ ಮೇಲೇ ಹಾದು ಹೋಗುವಾಗ ವಿಡಿಯೊ ಮಾಡಲು ಜನ ಬೇಲಿ ಹತ್ತಿರ ಗುಂಪು ಕಟ್ಟಿ ನಿಲ್ಲುತ್ತಾರೆ. ಎಂಜಿನ್ ಗಾಳಿಗೆ ಟೋಪಿ, ಟವೆಲ್ ಎಲ್ಲ ಹಾರಿಹೋಗುತ್ತವೆ. ಅಲ್ಲಿಗೆ ಬ್ರಿಟನ್, ಇಟಲಿಯಿಂದ ನೇರ ವಿಮಾನಗಳಿವೆ. ಅಂದಮೇಲೆ ಪಾರೋಸ್‌ನಲ್ಲಿ 1,799 ಮೀಟರ್ ಸಿಕ್ಕಿದರೆ 180 ಸೀಟಿನ ವಿಮಾನಗಳು ಸುಮ್ನೆ ಕೂರುತ್ತವೆಯೇ? ಒಂದು ಇಳಿತಕ್ಕೆ ಈಗಿನ ಎರಡೂವರೆ ಪಟ್ಟು ಜನ. ನಡುವೆ ಅಥೆನ್ಸ್ ಅನ್ನುವ ಜರಡಿಯೂ ಇರುವುದಿಲ್ಲ.

ಉದ್ದ ಮಾಡುವುದು ಸುರಕ್ಷತೆಗಾಗಿ ಅಂತ ನೀವು ಹೇಳಬಹುದು. ಆ ಮಾತು ಬಂದರೆ ಕನ್ನಡಿಗನಾಗಿ ನಾನು ಹಗುರವಾಗಿ ಮಾತಾಡುವ ಹಾಗಿಲ್ಲ. 2010ರ ಮೇ 22ರಂದು ಮಂಗಳೂರಿನ ಕೆಂಜಾರಿನಲ್ಲಿ ವಿಮಾನ ರನ್‌ವೇ ದಾಟಿ ಗುಡ್ಡದ ಆಚೆ ಕಮರಿಗೆ ಬಿದ್ದು 158 ಜನ ಸತ್ತರು. ತುದಿಯಲ್ಲಿ ಉಳಿಯುವ ಪ್ರತಿ ಮೀಟರಿಗೂ ಬೆಲೆ ಇದೆ ಅಂತ ನಮಗೆ ಗೊತ್ತು. ಆದರೆ ಸುರಕ್ಷತೆಗಾಗಿ ಉದ್ದ ಮಾಡಿದರೆ ಇಳಿಯುವ ವಿಮಾನಗಳು ಈಗಿನ ಗಾತ್ರದವೇ ಆಗಿರಬೇಕು. ಉದ್ದದ ಜೊತೆಗೆ ವಿಮಾನವೂ ದೊಡ್ಡದಾದರೆ ಆ ಹೆಚ್ಚುವರಿ ಮೀಟರುಗಳನ್ನೆಲ್ಲ ವಿಮಾನವೇ ನುಂಗಿಬಿಡುತ್ತದೆ. ಎರಡನ್ನೂ ಒಂದೇ ಕಡತದಲ್ಲಿ ಸೇರಿಸಬೇಡಿ.

ಈಗ ನನ್ನ ಮುಖ್ಯ ಪ್ರಶ್ನೆ. ಈ ದ್ವೀಪ ಒಂದು ದಿನಕ್ಕೆ ಎಷ್ಟು ಜನರನ್ನು ತಾಳಿಕೊಳ್ಳುತ್ತದೆ? ಆ ಸಂಖ್ಯೆಯನ್ನು ಮೊದಲು ಹೇಳಿ. ರನ್‌ವೇ ಎಷ್ಟು ಉದ್ದ ಇರಬೇಕು ಅನ್ನುವುದನ್ನು ಆಮೇಲೆ ನೋಡೋಣ.

ನೀವು ಹಡಗುಗಳ ವಿಷಯದಲ್ಲಿ ಇದನ್ನು ಮಾಡಿದ್ದೀರಿ. ಸ್ಯಾಂಟೊರಿನಿಯಲ್ಲಿ ವಿಹಾರ ಹಡಗಿನಿಂದ ಇಳಿಯುವವರಿಗೆ ದಿನಕ್ಕೆ 8,000 ಅಂತ ಮಿತಿ ಇದೆ. 2025ರಿಂದ ಬೇಸಿಗೆಯಲ್ಲಿ ಸ್ಯಾಂಟೊರಿನಿ, ಮಿಕೊನೊಸ್‌ಗೆ ಬರುವ ಅಂಥ ಪ್ರತಿ ಪ್ರವಾಸಿಗೆ 20 ಯೂರೊ ಶುಲ್ಕವೂ ಇದೆ. ಒಳ್ಳೆಯ ಕೆಲಸ. ಆದರೆ ಸಮುದ್ರದಿಂದ ಬಂದವನನ್ನು ಎಣಿಸುವ ನೀವು ಆಕಾಶದಿಂದ ಬಂದವನನ್ನು ಯಾಕೆ ಎಣಿಸುವುದಿಲ್ಲ? ಹಡಗಿನವನು ಸಂಜೆಗೆ ವಾಪಸ್ ಹೋಗುತ್ತಾನೆ. ವಿಮಾನದವನು ವಾರ ಇರುತ್ತಾನೆ, ದಿನಾ ಎರಡು ಸಲ ಸ್ನಾನ ಮಾಡುತ್ತಾನೆ, ಈಜುಕೊಳ ಇರುವ ವಿಲ್ಲಾ ಕೇಳುತ್ತಾನೆ.

ನಿಲ್ದಾಣಗಳಲ್ಲಿ ಲೆಕ್ಕವೇ ಇಲ್ಲ ಅಂತಲ್ಲ. ಬೇಸಿಗೆಯಲ್ಲಿ ಗ್ರೀಸ್‌ನ ಜನಪ್ರಿಯ ದ್ವೀಪಗಳಿಗೆ ಹಾರಲು ವಿಮಾನ ಕಂಪನಿಗಳು ಮೊದಲೇ ಸ್ಲಾಟ್, ಅಂದರೆ ಇಳಿಯಲು, ಹೊರಡಲು ನಿಗದಿಯಾದ ಸಮಯ ಪಡೆಯಬೇಕು. ಅದನ್ನು ಹಂಚಲು ನಿಮ್ಮಲ್ಲಿ ಪ್ರಾಧಿಕಾರವೂ ಇದೆ. ಆದರೆ ಆ ಲೆಕ್ಕಕ್ಕೆ ಬೇಕಾಗುವುದೇನು? ರನ್‌ವೇಯಲ್ಲಿ ಗಂಟೆಗೆ ಎಷ್ಟು ವಿಮಾನ, ನಿಲ್ಲಿಸಲು ಎಷ್ಟು ಜಾಗ, ಟರ್ಮಿನಲ್ ಒಳಗೆ ಎಷ್ಟು ಜನ. ಊರಿನ ಟ್ಯಾಂಕಿನಲ್ಲಿ ನೀರೆಷ್ಟಿದೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಟರ್ಮಿನಲ್ ದೊಡ್ಡದಾದ ದಿನವೇ ಸ್ಲಾಟ್ ಕೂಡ ಜಾಸ್ತಿ. ಊರು ಮಾತ್ರ ಅಷ್ಟೇ ಇರುತ್ತದೆ.

ನಾನು ಪಾರೋಸ್‌ಗೆ ಹೋಗಿದ್ದು ಹಡಗಿನಲ್ಲಿ. ಪಾರಿಕಿಯಾದಲ್ಲಿ ಹಡಗು ಹಿಂದುಹಿಂದಾಗಿ ಬಂದು, ಪೂರ್ತಿ ನಿಲ್ಲುವ ಮೊದಲೇ ಕಬ್ಬಿಣದ ಹಲಗೆ ಇಳಿಸಿತು. ಸೂಟ್‌ಕೇಸು ಎಳೆದುಕೊಂಡು ನಾವೆಲ್ಲ ಇಳಿದೆವು. ಬಾಡಿಗೆ ರೂಮಿನವರು ಬೋರ್ಡು ಹಿಡಿದು ನಿಂತಿದ್ದರು. ನಮ್ಮ ಹಿಂದೆಯೇ ಲಾರಿಗಳು ಇಳಿದವು. ಅದರಲ್ಲೊಂದರ ತುಂಬ ಬಾಟಲಿ ನೀರು. ಪ್ಲಾಸ್ಟಿಕ್ ಸುತ್ತಿ ಆಳೆತ್ತರಕ್ಕೆ ಜೋಡಿಸಿದ್ದ ಕಟ್ಟುಗಳು. ನಾವು ಬಂದ ಹಡಗಿನಲ್ಲೇ ನಮಗೆ ಕುಡಿಯುವ ನೀರೂ ಬಂದಿತ್ತು. ರೂಮಿನ ನಲ್ಲಿ ನೀರು ಉಪ್ಪುಪ್ಪು. ನದಿ ಇಲ್ಲದ, ಮಳೆ ಕಡಿಮೆಯ ದ್ವೀಪ ಅದು. ಸಮುದ್ರದ ನೀರಿನಿಂದ ಉಪ್ಪು ತೆಗೆದು ಬಳಸುತ್ತಾರೆ, ಅದಕ್ಕೆ ಸುರಿಯುವ ವಿದ್ಯುತ್ ಬೇರೆ.

ಮಳೆ ಕಡಿಮೆ ಅಂದೆ. ಬಂದಾಗ ಏನಾಗುತ್ತದೆ ಅಂತ 2025ರ ಮಾರ್ಚ್ 31ರಂದು ನೀವೇ ನೋಡಿದಿರಿ. ಕೆಲವೇ ಗಂಟೆಗಳ ಮಳೆಗೆ ಪಾರೋಸ್‌ನದೇ ನೌಸಾ ಊರಿನ ಬೀದಿಗಳು ಕೆಸರಿನ ಹೊಳೆಯಾದವು, ಕಾರುಗಳು ಕೊಚ್ಚಿಕೊಂಡು ಹೋದವು. ಹಳ್ಳ ಹರಿಯುವ ದಾರಿಯಲ್ಲಿ ಕಟ್ಟಡ, ರಸ್ತೆ ಕಟ್ಟಿದರೆ ನೀರು ಇನ್ನೆಲ್ಲಿ ಹೋಗಬೇಕು? ಈ ಮಾತಿನಲ್ಲಿ ಬೆಂಗಳೂರಿನವನಿಗೆ ಹೊಸದೇನೂ ಇಲ್ಲ ಬಿಡಿ, ನಮ್ಮ ಕೆರೆಗಳ ಕಥೆಯೂ ಅದೇ.

ಪಾರೋಸ್‌ನ ಜನ ಸುಮ್ಮನೆ ಕೂತಿಲ್ಲ ಅನ್ನುವುದೂ ನಿಮಗೆ ಗೊತ್ತು. 2023ರ ಬೇಸಿಗೆಯಲ್ಲಿ ಟವೆಲ್ ಹಿಡಿದು ಬೀಚಿಗೆ ಇಳಿದವರು ಅವರೇ. ಬಾರಿನವರ ಕುರ್ಚಿ, ಛತ್ರಿಗಳು ಮರಳನ್ನೆಲ್ಲ ಆಕ್ರಮಿಸಿ, ಊರಿನವರಿಗೆ ಟವೆಲ್ ಹಾಸಲೂ ಜಾಗ ಇರಲಿಲ್ಲ. ಆ ಚಳವಳಿ ಬೇರೆ ದ್ವೀಪಗಳಿಗೂ ಹಬ್ಬಿತು. 2024ರಲ್ಲಿ ನಿಮ್ಮ ಸರ್ಕಾರ ಹೊಸ ಕಾನೂನು ತಂದಿತು, ದೂರು ಕೊಡಲು ಆ್ಯಪ್ ಬಂತು, ಮೇಲಿಂದ ನೋಡಲು ಡ್ರೋನ್ ಹಾರಿಸಿದಿರಿ. ಈಗ ಒಂದು ಕಡೆ ಬೀಚಿನಲ್ಲಿ ಕುರ್ಚಿ ಎಣಿಸುತ್ತ, ಇನ್ನೊಂದು ಕಡೆ ಅದೇ ಬೀಚಿಗೆ ಬರುವ ವಿಮಾನಕ್ಕೆ ರನ್‌ವೇ ಉದ್ದ ಮಾಡಿದರೆ ಏನರ್ಥ?

ದುಡ್ಡಿನ ಮಾತಿಗೆ ಬರುತ್ತೇನೆ, ಯಾಕೆಂದರೆ ಗಡುವು ಇರುವುದು ಅಲ್ಲಿಯೇ. ಸಾಲದ ಬಿಕ್ಕಟ್ಟಿನಲ್ಲಿ ಗ್ರೀಸ್ ತನ್ನ 14 ಪ್ರಾದೇಶಿಕ ನಿಲ್ದಾಣಗಳನ್ನು 40 ವರ್ಷಕ್ಕೆ ಜರ್ಮನಿಯ ಫ್ರಾಪೋರ್ಟ್ ನೇತೃತ್ವದ ಕಂಪನಿಗೆ ಕೊಟ್ಟಿತು. 2017ರ ಏಪ್ರಿಲ್‌ನಲ್ಲಿ ಕೈ ಬದಲಾಯಿತು. ಮುಂಗಡವಾಗಿ ಬಂದದ್ದೇ 123 ಕೋಟಿ ಯೂರೊ ಮೀರಿ. ರೋಡ್ಸ್, ಕೊರ್ಫು, ಕೋಸ್, ಸ್ಯಾಂಟೊರಿನಿ, ಮಿಕೊನೊಸ್, ಸ್ಕಿಯಾಥೋಸ್ ಎಲ್ಲ ಅದರಲ್ಲಿವೆ. ಹಳೇ ಟರ್ಮಿನಲ್‌ಗಳ ರೂಪವೇ ಬದಲಾಯಿತು ಅನ್ನುವುದನ್ನು ಒಪ್ಪಲೇಬೇಕು. 2024ರಲ್ಲಿ ಆ 14ರಲ್ಲಿ ಓಡಾಡಿದ ಪ್ರಯಾಣಿಕರು ಸುಮಾರು 3.6 ಕೋಟಿ. ನಿಮ್ಮ ದೇಶದ ಜನಸಂಖ್ಯೆಯೇ ಒಂದು ಕೋಟಿಗೆ ಸ್ವಲ್ಪ ಹೆಚ್ಚು.

ಪಾರೋಸ್ ಆ ಪಟ್ಟಿಯಲ್ಲಿ ಇಲ್ಲ. ಆದರೆ ಉಳಿದ ನಿಲ್ದಾಣಗಳನ್ನೂ ಖಾಸಗಿಯವರಿಗೆ ಕೊಡುವ ಮಾತು ವರ್ಷಗಳಿಂದ ನಡೆದಿದೆ. ನಿಲ್ದಾಣ ನಡೆಸುವ ಕಂಪನಿಗೆ ಆದಾಯ ತಲೆ ಲೆಕ್ಕದಲ್ಲಿ. ತಲೆ ಹೆಚ್ಚಾದಷ್ಟೂ ಲಾಭ. ಅದು ಅವರ ತಪ್ಪಲ್ಲ, ವ್ಯಾಪಾರ ಇರುವುದೇ ಹಾಗೆ. ನಾಳೆ ಪಾರೋಸ್ ಕೂಡ ಹೀಗೆ ದಶಕಗಳ ಒಪ್ಪಂದಕ್ಕೆ ಸೇರಿದರೆ, ಆಮೇಲೆ ಜನರ ಮಿತಿ ಹಾಕಲು ಹೋದಾಗ ಕಂಪನಿ ಪರಿಹಾರ ಕೇಳುತ್ತದೆ. ಸಂಖ್ಯೆ ಬರೆಯುವುದಾದರೆ ಈಗಲೇ ಬರೆಯಬೇಕು.

ಟರ್ಮಿನಲ್ ಕೆಲಸವನ್ನು ರನ್‌ವೇಯಿಂದ ಬಿಡಿಸಿ. ನೆರಳು, ಕೂರುವ ಜಾಗ, ಸರಿಯಾದ ಶೌಚಾಲಯ, ಗಾಲಿಕುರ್ಚಿಗೆ ದಾರಿ, ರಾತ್ರಿ ಹೊತ್ತು ರೋಗಿಯನ್ನು ಸಾಗಿಸಲು ಬೇಕಾದ ವ್ಯವಸ್ಥೆ. ಇವಕ್ಕೆ ಯಾರ ವಿರೋಧವೂ ಇರಲಾರದು, ಇವಕ್ಕೆ 1,799 ಮೀಟರೂ ಬೇಡ. ಜನವರಿಯಲ್ಲಿ ಅಥೆನ್ಸ್‌ಗೆ ಹೋಗಿ ಡಾಕ್ಟರಿಗೆ ತೋರಿಸಿ ಅದೇ ದಿನ ವಾಪಸ್ ಬರಲು ಆಗುವ ಹಾಗೆ, ದ್ವೀಪದವರ ಕೈಗೆಟುಕುವ ದರದ ವಿಮಾನ ಖಾತ್ರಿ ಮಾಡಿ. ಆಗಸ್ಟ್‌ನ ಯೋಚನೆ ಎಲ್ಲರೂ ಮಾಡುತ್ತಾರೆ.

ಆಮೇಲೆ ಆ ಸಂಖ್ಯೆ. ನೀರು, ಚರಂಡಿ, ಕಸ, ಆರೋಗ್ಯ ಕೇಂದ್ರದ ಹಾಸಿಗೆ, ಶಾಲೆಗೆ ಬರುವ ಮೇಷ್ಟ್ರಿಗೆ ಬಾಡಿಗೆಗೆ ಸಿಗುವ ಮನೆ, ಇವನ್ನೆಲ್ಲ ಕೂಡಿಸಿ ಕಳೆದು ಬರುವ ಸಂಖ್ಯೆ. ಸ್ಲಾಟ್ ಹಂಚುವವರ ಕೈಗೆ ಅದನ್ನು ಕೊಡಿ. ಪಾರಿಕಿಯಾದ ಪುರಸಭೆ ಗೋಡೆ ಮೇಲೂ ಅಂಟಿಸಿ. ಆ ಮಿತಿಯಿಂದಾಗಿ ಒಂದು ಆಗಸ್ಟ್‌ನಲ್ಲಿ ನನಗೆ ಟಿಕೆಟ್ ಸಿಗದಿದ್ದರೆ ಬೇಜಾರಿಲ್ಲ. ಅಕ್ಟೋಬರ್‌ನಲ್ಲಿ ಬರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಬೆಂಗಳೂರಿನ ಒಬ್ಬ ಪ್ರವಾಸಿ