ಮುಂಬಯಿ–ಲಂಡನ್: ಎಂಟು ಗಂಟೆ ಹತ್ತಾಗುವ ಲೆಕ್ಕ

ಮಾನ್ಯ ಸಂಪಾದಕರೇ,

ಮಕ್ಕಳನ್ನು ನೋಡಲು ಲಂಡನ್ನಿಗೆ ಹೊರಡುವ ಹಿರಿಯರು ಟಿಕೆಟ್ ಕೈಗೆ ಬಂದೊಡನೆ ಕೇಳುವುದು ಇದನ್ನೇ: ‘ದೂರ ಏಳು ಸಾವಿರ ಚಿಲ್ಲರೆ ಕಿ.ಮೀ., ವೇಗ ಗಂಟೆಗೆ 900. ಎಂಟು ಗಂಟೆ ಸಾಕಲ್ಲ, ಹತ್ತು ಅಂತ ಯಾಕೆ ಹಾಕಿದ್ದಾರೆ?’

ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಸುಮಾರು 7,210 ಕಿ.ಮೀ. ಎನ್ನುವುದು ಭೂಗೋಳದ ಮೇಲೆ ದಾರ ಬಿಗಿಹಿಡಿದು ಅಳೆದ ದೂರ. ಆ ದಾರ ಸೌರಾಷ್ಟ್ರ ದಾಟಿ ಹೆಚ್ಚುಕಮ್ಮಿ ಕರಾಚಿಯ ನೆತ್ತಿಯ ಮೇಲೆಯೇ ಹಾಯುತ್ತದೆ; ಮುಂದೆ ಇರಾನ್, ಕ್ಯಾಸ್ಪಿಯನ್ ಸಮುದ್ರ, ಕ್ರೈಮಿಯಾ. 2022ರ ಫೆಬ್ರವರಿ 24ರಂದು ಉಕ್ರೇನ್ ತನ್ನ ವಾಯುಪ್ರದೇಶ ಮುಚ್ಚಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತೀಯ ಕಂಪನಿಗಳ ವಿಮಾನಗಳಿಗೆ ಬಾಗಿಲು ಹಾಕಿತು. ಹಾಗಾದಾಗ ಅರಬ್ಬೀ ಸಮುದ್ರದ ಮೇಲೆ ಸುತ್ತಿ ಬಳಸಿಯೇ ಹೋಗಬೇಕು. ಪರದೇಶದ ಕಂಪನಿಗಳಿಗೆ ಆ ನಿಷೇಧ ಅನ್ವಯಿಸಲಿಲ್ಲ; ಒಂದೇ ಊರಿಗೆ ಇಬ್ಬರ ಟಿಕೆಟ್‌ನಲ್ಲಿ ಬೇರೆ ಬೇರೆ ಅವಧಿ ಕಾಣುವುದಕ್ಕೆ ಇದೂ ಒಂದು ಕಾರಣ.

ಇನ್ನು ಗಾಳಿ. ಹತ್ತು-ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಜೋರು. ಎದುರುಗಾಳಿ ಗಂಟೆಗೆ 100 ಕಿ.ಮೀ. ಇದ್ದರೆ 900ರ ವಿಮಾನ ನೆಲದ ಲೆಕ್ಕದಲ್ಲಿ 800 ಮಾತ್ರ. ಬರುವಾಗ ಅದೇ ಗಾಳಿ ಬೆನ್ನಿಗೆ; ಒಂದು ಗಂಟೆಯಷ್ಟು ಉಳಿತಾಯ. ಟಿಕೆಟ್‌ನ ಅವಧಿ ಗೇಟ್ ಬಿಟ್ಟಲ್ಲಿಂದ ಗೇಟ್ ಸೇರುವತನಕದ್ದು ಎನ್ನುವುದನ್ನೂ ಮರೆಯಬಾರದು. ಮುಂಬಯಿಯ ಸಹಾರ್ ವಿಮಾನ ನಿಲ್ದಾಣದ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಎರಡನ್ನೂ ಒಟ್ಟಿಗೆ ಬಳಸಲಾಗದು, ಹೊರಡಲು ಸಾಲು ನಿಲ್ಲುವುದು ತಪ್ಪದು.

ಗಡಿಯಾರದ ಲೆಕ್ಕ ಹೀಗೆ. ಟಿಕೆಟ್‌ನಲ್ಲಿ ಆಯಾ ಊರಿನ ಸಮಯ ಇರುತ್ತದೆ; ಚಳಿಗಾಲದಲ್ಲಿ ಲಂಡನ್ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಜನವರಿಯಲ್ಲಿ ಮುಂಬಯಿ ಬಿಡುವುದು ಮಧ್ಯಾಹ್ನ 1ಕ್ಕೆ, ಲಂಡನ್ ಸೇರುವುದು ಸಂಜೆ 5.30ಕ್ಕೆ ಎಂದಿದ್ದರೆ ನಾಲ್ಕೂವರೆಗೆ ಐದೂವರೆ ಕೂಡಿಸಿ: ಹತ್ತು ಗಂಟೆ. ರಾತ್ರಿ 9ಕ್ಕೆ ಅಲ್ಲಿಂದ ಹೊರಟು ಮರುದಿನ 11.30ಕ್ಕೆ ಇಲ್ಲಿ ಇಳಿಯುವುದಾದರೆ ಹದಿನಾಲ್ಕೂವರೆಯಿಂದ ಐದೂವರೆ ಕಳೆಯಿರಿ: ಒಂಬತ್ತು. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಆಗ ಐದೂವರೆಯ ಬದಲು ನಾಲ್ಕೂವರೆ.

ದುಬೈ ಮೇಲಿಂದ ಹೋದರೆ ದೂರ ಹೆಚ್ಚುವುದು ಇನ್ನೂರು ಚಿಲ್ಲರೆ ಕಿ.ಮೀ. ಅಷ್ಟೇ. ಹೊತ್ತು ತಿನ್ನುವುದು ನಡುವಿನ ಕಾಯುವಿಕೆ. ಎರಡು ಗಂಟೆಗಿಂತ ಕಡಿಮೆ ಅಂತರದ ಟಿಕೆಟ್ ಹಿರಿಯರಿಗೆ ತೆಗೆಯಲೇಬೇಡಿ.

ಎಲ್ಲಕ್ಕಿಂತ ದುಬಾರಿ ತಪ್ಪು ತಾರೀಖಿನದು. 15ರಂದು 02.00 ಎಂದಿದ್ದರೆ 14ರ ರಾತ್ರಿ ಊಟ ಮುಗಿಸಿ ಮನೆ ಬಿಡಬೇಕು, 15ರ ರಾತ್ರಿಯಲ್ಲ. ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಡೊಂಬಿವಲಿ ಕಡೆಯವರು ರಸ್ತೆಗೇ ಎರಡು ಗಂಟೆ ಇಟ್ಟುಕೊಳ್ಳಿ. ಜೆಟ್ ಸ್ಟ್ರೀಮನ್ನಾದರೂ ನಂಬಬಹುದು, ನಮ್ಮ ಟ್ರಾಫಿಕ್ಕನ್ನಲ್ಲ.

– ವಿಮಾನ ಟಿಕೆಟ್ ವ್ಯವಹಾರದಲ್ಲಿರುವ ಕನ್ನಡಿಗರು, ಅಂಧೇರಿ, ಮುಂಬಯಿ